ಸಿಂಗಲ್‌ಫೈಲ್: ಪುಟ ಉಳಿಸೋಕೆ ಒಳ್ಳೆಯದು, ಹಳೆಯ ಕನ್ನಡಕ್ಕೆ ಮದ್ದಲ್ಲ

ಸಿಂಗಲ್‌ಫೈಲ್ ಅಂದರೆ ವೆಬ್ ಪುಟವನ್ನು ಕಂಪ್ಯೂಟರಿನಲ್ಲಿ ಉಳಿಸಿಡೋ ಬ್ರೌಸರ್ ಎಕ್ಸ್‌ಟೆನ್ಶನ್. ಅದನ್ನು ಹಾಕಿಕೊಂಡಿದ್ದೇ ಸಿಟ್ಟಿನಲ್ಲಿ. ತಾರಸಿ ತೋಟ, ಹುಳಿ, ಗೊಜ್ಜು, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಅಂತ ವರ್ಷಗಟ್ಟಲೆ ಉಳಿಸಿಟ್ಟಿದ್ದ ಪುಟಗಳು ತೆರೆಯೋದನ್ನೇ ಬಿಟ್ಟಿದ್ದವು. ಅವು ಎಂಎಎಫ್‌ಎಫ್ ಫೈಲುಗಳು, ಅಂದರೆ ಪುಟವನ್ನು ಚಿತ್ರಗಳ ಸಮೇತ ಒಂದೇ ಫೈಲಾಗಿ ಕಟ್ಟಿಡೋ ಹಳೆಯ ಬಗೆ. ಅವನ್ನು ತೆರೆಯುತ್ತಿದ್ದ ಆಡ್‌ಆನ್, 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಹಳೆಯ ಆಡ್‌ಆನ್‌ಗಳನ್ನೆಲ್ಲ ಕೈಬಿಟ್ಟಾಗಲೇ ಸತ್ತಿತ್ತು.

ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ಹಾರ್ಡ್‌ಡಿಸ್ಕ್ ತೆಗೆದುಕೊಂಡು ಹೋದೆ. "ಕರಪ್ಟ್ ಆಗಿದೆ ಮೇಡಂ, ರಿಕವರಿ ಮಾಡಿಸ್ಬೇಕು" ಅಂದ ಹುಡುಗ. ಅವನು ಹೇಳಿದ ರೇಟಿಗೆ ಹೊಸ ಡಿಸ್ಕೇ ಬರುತ್ತಿತ್ತು. ಸುಮ್ನೆ ವಾಪಸ್ ಬಂದೆ.

ಫೈಲು ಕೆಟ್ಟೇ ಇರಲಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಎರಡು ಅಕ್ಷರ ಪಿ, ಕೆ; ಆಮೇಲೆ ಬರೀ ಗಲೀಜು. ಆ ಎರಡಕ್ಷರ, ಹಲವು ಫೈಲುಗಳನ್ನು ಒಂದರೊಳಗೆ ಕಟ್ಟೋ ಜಿಪ್ ಅನ್ನೋ ಬಗೆಯನ್ನು ರೂಪಿಸಿದ ಫಿಲ್ ಕಾಟ್ಸ್ ಅವರ ಇನಿಷಿಯಲ್. ಅಂದರೆ ಇದು ವೇಷ ಹಾಕಿದ ಜಿಪ್ ಫೈಲು! ಒಂದು ಕಾಪಿ ಮಾಡಿ, ಹೆಸರಿನ ಕೊನೆಗೆ ಜಿಪ್ ಅಂತ ಹಾಕಿ ಬಿಚ್ಚಿದೆ. ಒಳಗೆ ಇಂಡೆಕ್ಸ್ ಅನ್ನೋ ಎಚ್‌ಟಿಎಂಎಲ್ ಫೈಲು, ಅಂದರೆ ಬ್ರೌಸರ್ ತೆರೆಯೋ ಪುಟ; ಪಕ್ಕದಲ್ಲಿ ಚಿತ್ರಗಳ ಫೋಲ್ಡರ್. ಪುಟದ ಮೂಲ ವಿಳಾಸ, ಉಳಿಸಿದ ದಿನ ಕೂಡ ಆರ್‌ಡಿಎಫ್ ಅನ್ನೋ ಒಂದು ಪುಟ್ಟ ಮಾಹಿತಿ ಫೈಲಿನಲ್ಲಿ ಸಿಕ್ಕಿತು.

ನಿಮ್ಮ ಹಳೆಯ ಫೈಲಿನಲ್ಲಿ ಪಿ, ಕೆ ಬದಲು ನೋಟ್‌ಪ್ಯಾಡಿನಲ್ಲಿ ಮೇಲುಗಡೆ ಮೈಮ್ ವರ್ಶನ್ ಅನ್ನೋ ಸಾಲು ಕಂಡರೆ ಅದು ಎಂಎಚ್‌ಟಿ, ಪುಟ ಉಳಿಸೋ ಇನ್ನೊಂದು ಬಗೆ. ಬಿಚ್ಚೋ ಕೆಲಸವಿಲ್ಲ, ಕ್ರೋಮ್ ಅಥವಾ ಎಡ್ಜ್ ಒಳಗೆ ಎಳೆದು ಹಾಕಿ.

ಈಗ ಸಿಂಗಲ್‌ಫೈಲ್ ವಿಷಯಕ್ಕೆ. ಉಚಿತ, ಅದೇ ನನಗೆ ದೊಡ್ಡದು. ಪುಟ ಉಳಿಸೋಕೆ ತಿಂಗಳ ಬಾಡಿಗೆ ಕಟ್ಟೋಳಲ್ಲ ನಾನು. ರಾತ್ರಿ ಅಡುಗೆಮನೆ ಒರೆಸಿ ಕೂತ ಮೇಲೆ ನನ್ನ ಕೆಲಸ ಶುರು. ಪುಟವನ್ನು ಕೊನೆಯವರೆಗೂ ನಿಧಾನವಾಗಿ ಸರಿಸುತ್ತೇನೆ, ಅಡಗಿರೋ ಚಿತ್ರಗಳೆಲ್ಲ ಬರಲಿ ಅಂತ. ಬಟನ್ ಒತ್ತುತ್ತೇನೆ. ಆಮೇಲೆ ವೈಫೈ ಆಫ್ ಮಾಡಿ ಫೈಲ್ ತೆರೆದು ನೋಡುತ್ತೇನೆ. ಚಿತ್ರ, ಫಾಂಟ್, ಬಣ್ಣ ಎಲ್ಲ ಒಂದೇ ಎಚ್‌ಟಿಎಂಎಲ್ ಫೈಲಿನೊಳಗೆ ಕೂತಿರುತ್ತವೆ. ಜೊತೆಗಿರೋ ಫೋಲ್ಡರ್ ಕಳೆದು ಚಿತ್ರ ಹೋಯ್ತು ಅನ್ನೋ ಗೋಳಿಲ್ಲ. ಮಲ್ಲೇಶ್ವರದ ಚಿಕ್ಕಮ್ಮನಿಗೆ ಪೆನ್‌ಡ್ರೈವಿನಲ್ಲಿ ಕೊಟ್ಟರೂ ಅವರ ಕಂಪ್ಯೂಟರಿನಲ್ಲಿ ಹಾಗೇ ತೆರೆಯುತ್ತದೆ.

ಇಷ್ಟೆಲ್ಲ ಹೊಗಳಿ ಹಳೆಯ ಕನ್ನಡ ಪುಟಗಳಿಗೆ ಬಂದರೆ ಬೇಜಾರು. ಜಿಪ್ ಬಿಚ್ಚಿ ತೆಗೆದ ಪುಟಗಳಲ್ಲಿ ಯೂನಿಕೋಡ್‌ಗೆ (ಈಗ ಎಲ್ಲ ಭಾಷೆಗೂ ಬಳಸೋ ಅಕ್ಷರ ಸಂಕೇತ) ಮುಂಚಿನವೂ ಇವೆ. ಆಗಿನ ಫಾಂಟ್ ಇಲ್ಲದಿದ್ದರೆ ಅಕ್ಷರ ಕಾಣೋದಿಲ್ಲ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಪುಟವಾದರೆ 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಹೊತ್ತ ಎ, ಆಮೇಲೆ ಪೌಂಡಿನ ಗುರುತು. ಅಂಥದ್ದನ್ನು ಸಿಂಗಲ್‌ಫೈಲ್‌ನಲ್ಲಿ ಮತ್ತೆ ಉಳಿಸಿದರೆ ಅದೇ ಗಲೀಜು ಭದ್ರವಾಗುತ್ತದೆ ಅಷ್ಟೇ. ಪಠ್ಯ ಕಾಪಿ ಮಾಡಿ ನುಡಿಯಿಂದ ಯೂನಿಕೋಡ್‌ಗೆ ತಿರುಗಿಸೋ ಪರಿವರ್ತಕಕ್ಕೆ ಹಾಕಬೇಕು. ಬೇರೆ ಫಾಂಟಿನ ಪುಟಕ್ಕೆ ಅದೂ ಆಗಲ್ಲ, ಆ ಫಾಂಟಿನದ್ದೇ ಪರಿವರ್ತಕ ಬೇಕು.

ಫೈಲಿನ ಗಾತ್ರವೂ ಜಾಸ್ತಿ. ಚಿತ್ರವನ್ನು ಅಕ್ಷರ ಮಾಡಿ ಒಳಗೆ ಸೇರಿಸೋದರಿಂದ ಅದು ಮೂರನೇ ಒಂದು ಭಾಗದಷ್ಟು ಊದಿಕೊಳ್ಳುತ್ತದೆ. 'ಇನ್ನಷ್ಟು ಓದಿ' ಥರದ ಬಟನ್‌ಗಳು ಉಳಿಸಿದ ಪುಟದಲ್ಲಿ ಕೆಲಸ ಮಾಡೋದಿಲ್ಲ, ಮೊದಲೇ ಒತ್ತಿ ಬಿಚ್ಚಿಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬೇಕಾದ ಭಾಗ ಮಾತ್ರ ಸೆಲೆಕ್ಟ್ ಮಾಡಿ ಉಳಿಸೋ ಅವಕಾಶವೂ ಇದೆ. ಅಡುಗೆ ಪುಟಗಳಿಗೆ ನಾನು ಅದನ್ನೇ ಬಳಸೋದು. ಸಾರಿನ ಪುಡಿಯ ಅಳತೆಗೆ ಮುಂಚೆ ಬರೋ ಅಜ್ಜಿಯ ಪುರಾಣ ತಪ್ಪುತ್ತದೆ.