10×12ರ ಹಾಲಿಗೆ ಯಾವುದು ಸರಿ: ಕಾಫಿ ಬೇರಿನ ಟೀಪಾಯಿ, ಪ್ಯಾಲೆಟ್ ಜಗಲಿ, ಮಡಚುವ ಮೇಜು

ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ ನಮ್ಮದು ಬಾಡಿಗೆ ಮನೆ. ಹಾಲು 12 ಅಡಿ ಉದ್ದ, 10 ಅಡಿ ಅಗಲ. ಮಗಳ ಓದು ಅಲ್ಲೇ, ಊಟ ಅಲ್ಲೇ, ರಾತ್ರಿ ಅತ್ತೆಯ ಹಾಸಿಗೆಯೂ ಅಲ್ಲೇ. ಮಳೆಗಾಲ ಬಂತೆಂದರೆ ಬಟ್ಟೆ ಹಗ್ಗವೂ ಅದೇ ಹಾಲಿನಲ್ಲಿ. ಅಂಗಡಿಯ ಡೈನಿಂಗ್ ಟೇಬಲ್ ತಂದಿಟ್ಟರೆ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಮೂರು ವರ್ಷದಲ್ಲಿ ಮೂರು ಥರದ್ದನ್ನು ನಾನೇ ಮಾಡಿ, ಬಳಸಿ ನೋಡಿದ್ದೇನೆ.

ಮೊದಲು ಆಸೆ ಬಿದ್ದದ್ದು ಕಾಫಿ ಬೇರಿನ ಟೀಪಾಯಿಗೆ. ಆಲ್ದೂರು ಕಡೆ ಚಿಕ್ಕಪ್ಪನ ತೋಟದಲ್ಲಿ ಹಳೇ ರೋಬಸ್ಟಾ ಕಿತ್ತು ಮರುನಾಟಿ ಮಾಡುತ್ತಿದ್ದಾಗ ಒಂದು ಬೊಡ್ಡೆಯನ್ನು ಬೇರು ಸಮೇತ ಕೇಳಿ ತಂದೆ. ಸಂದಿಯ ಮಣ್ಣನ್ನೆಲ್ಲ ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆದು, ಒಂದು ಬೇಸಿಗೆ ಪೂರ್ತಿ ನೆರಳಲ್ಲಿ ಒಣಗಿಸಿದೆ. ತಲೆಕೆಳಗಾಗಿ ನಿಲ್ಲಿಸಿ, ಮೇಲೆ ಬಂದ ಬೇರುಗಳ ತುದಿಯನ್ನು ಒಂದೇ ಮಟ್ಟಕ್ಕೆ ಕೊಯ್ದು, ಗಾಜು ಕೂರಿಸಿದೆ. ಕಾಫಿ ಮರ ಬಲು ಗಟ್ಟಿ, ಗರಗಸ ನಾಲ್ಕೆಳೆತಕ್ಕೇ ಬಿಸಿಯಾಗುತ್ತದೆ. ಪಾಲಿಶ್ ಹಚ್ಚಿದಾಗ ಬಂದ ಜೇನಿನ ಬಣ್ಣ ಮಾತ್ರ ಈಗಲೂ ಕಣ್ಣಲ್ಲಿದೆ. ಆದರೆ ಬೇರು ಎರಡಡಿ ಹರಡಿಕೊಂಡಿತ್ತು. ಅದರಡಿ ಕಾಲು ಚಾಚಲಾಗದು, ಡಬ್ಬಿ ತೂರಿಸಲಾಗದು. ಗಾಜಿನ ಭಾರಕ್ಕೆ ರಾತ್ರಿ ಹಾಸಿಗೆ ಬಿಡಿಸುವಾಗ ಒಬ್ಬರೇ ಸರಿಸಲೂ ಆಗದು. ಸಂದಿಗಳಲ್ಲಿ ಜೇಡರ ಬಲೆ ಬೇರೆ. ಐದು ತಿಂಗಳಿಗೆ ಅಕ್ಕನ ಮನೆಯ ವರಾಂಡಕ್ಕೆ ಕಳಿಸಿದೆ. ಅಲ್ಲಿ ಅದು ಅಂದವಾಗಿದೆ, ಏಕೆಂದರೆ ಅಲ್ಲಿ ಜಾಗವಿದೆ.

ಎರಡನೆಯದು ಪ್ಯಾಲೆಟ್ ಜಗಲಿ. ಪ್ಯಾಲೆಟ್ ಎಂದರೆ ಸರಕು ಸಾಗಿಸುವಾಗ ಅಡಿಗಿಡುವ ಮರದ ಪಟ್ಟಿಗಳ ಚೌಕಟ್ಟು. ಗುಜರಿಯಲ್ಲಿ ಒಂದಕ್ಕೆ 250 ರೂಪಾಯಿಯಂತೆ ಎರಡು ತಂದೆ. ಅಳತೆ 1200×1000 ಮಿ.ಮೀ. ಅಷ್ಟು ಅಗಲ ಕೂರಲು ಹೆಚ್ಚಾಯಿತು. ಬೆನ್ನು ಗೋಡೆಗೆ ತಾಗುವುದಿಲ್ಲ, ಹಾಲೂ ತುಂಬಿಹೋಗುತ್ತದೆ. ಎರಡಡಿಗೆ ಕೊಯ್ದು, ಒಂದರ ಮೇಲೊಂದಿಟ್ಟು, ಮೇಲೆ 4 ಇಂಚಿನ ನಾರಿನ ಹಾಸಿಗೆ ಹಾಕಿದೆ. ಮೂರೂ ಸೇರಿ 16 ಇಂಚು, ಮಂಡಿ ನೋವಿರುವ ಅತ್ತೆಗೂ ಎದ್ದು ಕೂರಲು ಸರಿಯಾಯಿತು. ಸಂದಿಯಲ್ಲಿ ಚಪ್ಪಲಿ, ಛತ್ರಿ, ಹಳೇ ಪೇಪರ್ ಎಲ್ಲ ಹಿಡಿಯುತ್ತವೆ.

ಪ್ಯಾಲೆಟ್ ತರುವವರು ಮರದ ಮೇಲಿನ ಮುದ್ರೆ ನೋಡಲೇಬೇಕು. ದೇಶದಿಂದ ದೇಶಕ್ಕೆ ಸಾಗುವ ಪ್ಯಾಲೆಟ್‌ಗಳ ಮೇಲೆ ಗೋಧಿ ತೆನೆಯ ಗುರುತು ಹಾಕಿರುತ್ತಾರೆ. ಪಕ್ಕದಲ್ಲಿ ‘ಎಚ್‌ಟಿ’ ಎಂದಿದ್ದರೆ ಮರದ ತಿರುಳೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿದೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಟ್ಟದ್ದು, ಮನೆಯೊಳಗೆ ಬೇಡ. ನಾನು ತಂದ ಒಂದರಲ್ಲಿ ಎಚ್‌ಟಿ ಇತ್ತು, ಇನ್ನೊಂದರಲ್ಲಿ ಏನೂ ಇರಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಆ ಇನ್ನೊಂದರ ಕೆಳಗೆ, ಕೆಂಪು ಗಾರೆ ನೆಲದ ಮೇಲೆ, ರಾಗಿ ಹಿಟ್ಟು ಜರಡಿ ಹಿಡಿದಂತೆ ಸಣ್ಣ ಪುಡಿ. ಕುಟ್ಟೆ ಹುಳ! ಗುಡಿಸಿದರೆ ಮರುದಿನ ಮತ್ತೆ ಅಷ್ಟೇ. ಸೂಜಿಮೊನೆಯ ತೂತಿದ್ದ ಮೂರು ಪಟ್ಟಿ ಕಿತ್ತು ಒಲೆಗೆ ಹಾಕಿ, ಉಳಿದವಕ್ಕೆ ಬೋರಾಕ್ಸ್, ಬೋರಿಕ್ ಪುಡಿ ಬಿಸಿನೀರಲ್ಲಿ ಕರಗಿಸಿ ಎರಡು ಸಲ ಹಚ್ಚಿ ಬಿಸಿಲಿಗಿಟ್ಟೆ. ಆಮೇಲೆ ಪುಡಿ ಬಿದ್ದಿಲ್ಲ.

ಮೂರನೆಯದು ಗೋಡೆಗೆ ಮಡಚುವ ಮೇಜು. ನನ್ನ ಮನಸ್ಸು ನಿಂತದ್ದು ಇದರಲ್ಲೇ. ಗೋಡೆಗೆ ಮೂರಡಿ ಉದ್ದ, ಎರಡಿಂಚು ದಪ್ಪದ ಮರದ ಪಟ್ಟಿ. ಅದಕ್ಕೆ ಹಲಗೆಯುದ್ದಕ್ಕೂ ಬರುವ ಪಟ್ಟಿಯಂಥ ಕೀಲು, ಅಂದರೆ ಪಿಯಾನೋ ಹಿಂಜಸ್‌ನಲ್ಲಿ ಸೇರಿಸಿದ 3×2 ಅಡಿಯ ಪ್ಲೈ ಹಲಗೆ. ಎತ್ತರ 29 ಇಂಚು. ಎಲ್ಲರೂ ಹಲಗೆ ಕೆಳಕ್ಕೆ ಇಳಿಬೀಳುವಂತೆ ಮಾಡುತ್ತಾರೆ. ಹಾಗೆ ಮಾಡಿದರೆ 28 ಇಂಚಿನ ಕಾಲು 24 ಇಂಚಿನ ಹಲಗೆಯಡಿ ಮಡಚಿಕೊಳ್ಳಲು ಜಾಗ ಸಾಲದು. ಪಕ್ಕದ ಬೀದಿಯ ಆಚಾರ್ರು ನೋಡಿ, "ಕೆಳಕ್ಕೆ ಬೇಡ ಕಣಮ್ಮ, ಮೇಲಕ್ಕೆ ಎತ್ತಿ ನಿಲ್ಸು, ಕಾಲು ತಾನೇ ಜೋತು ಬೀಳ್ತದೆ" ಎಂದರು. ಅವರ ಮಾತಿನಂತೆಯೇ ಆಯಿತು. ಹಲಗೆ ಎತ್ತಿ ಕೊಕ್ಕೆ ಹಾಕಿದರೆ ಕಾಲು ಹಲಗೆಗೆ ಒರಗಿ ನೇತಾಡುತ್ತದೆ, ಇಳಿಸುವಾಗ ತಾನಾಗಿ ನೆಟ್ಟಗೆ ನಿಲ್ಲುತ್ತದೆ. ಮಡಚಿದಾಗ ಗೋಡೆಯಿಂದ ಈಚೆಗೆ ಬರುವುದು ನಾಲ್ಕಿಂಚು. ನಮ್ಮಂಥ ಹಳೇ ಗೋಡೆಯ ಮನೆಯಲ್ಲಿ ಕಾಲು ಇರಲೇಬೇಕು; ಬರೀ ಬ್ರಾಕೆಟ್ ನಂಬಿದರೆ ಭಾರಕ್ಕೆ ಗಾರೆ ಸಮೇತ ಸ್ಕ್ರೂ ಕಿತ್ತು ಬರುತ್ತದೆ. ಮಡಚಿದಾಗ ಕಾಣುವ ಅಡಿಭಾಗಕ್ಕೆ ಕಪ್ಪು ಬಣ್ಣ ಬಳಿದೆ. ಮಗಳು ಅದರ ಮೇಲೆ ಮಗ್ಗಿ ಬರೆಯುತ್ತಾಳೆ.

ಇದೂ ಮೊದಲ ಸಲಕ್ಕೆ ನಿಲ್ಲಲಿಲ್ಲ. ಅಂಗಡಿಯವರು ಸಾಕು ಎಂದ ಎಂಆರ್ (ತಕ್ಕಮಟ್ಟಿಗೆ ತೇವ ತಡೆಯುವ) ಪ್ಲೈ ಹಾಕಿದ್ದೆ. ಜುಲೈನಲ್ಲಿ ಗೋಡೆಗೆ ಮುಖ ಮಾಡಿದ ಬದಿಗೆ ಬೂಷ್ಟು ಬಂತು, ಅಂಚು ಅವಲಕ್ಕಿ ನೆನೆದಂತೆ ಉಬ್ಬಿ ಪದರ ಬಿಟ್ಟಿತು. ಎಂಆರ್ ಪ್ಲೈಯ ಅಂಟು ಒಣ ಕೋಣೆಗೆ ಸಾಕು, ಮಲೆನಾಡಿನ ಮಳೆಗಾಲದ ಥಂಡಿಗೆ ಸಾಲದು. ಈಗಿರುವುದು ಐಎಸ್ 710 ಮುದ್ರೆಯ (ನೀರು ತಡೆಯುವ ಪ್ಲೈಯ ಗುಣಮಟ್ಟದ ಗುರುತು) 18 ಮಿ.ಮೀ. ಮರೈನ್ ಪ್ಲೈ, ಅರ್ಧ ಶೀಟು. ನಾಲ್ಕೂ ಅಂಚಿಗೆ ಉಪ್ಪು ಕಾಗದ ತಿಕ್ಕಿ ಮೂರು ಕೈ ವಾರ್ನಿಶ್ ಕುಡಿಸಿದ್ದೇನೆ. ಹಿಂಜಸ್ ಎಲ್ಲ ಸೇರಿ ಸುಮಾರು 2,800 ರೂಪಾಯಿ ಆಯಿತು. ಎರಡು ಮಳೆಗಾಲ ಕಳೆದರೂ ಹಲಗೆ ಸೊಟ್ಟಗಾಗಿಲ್ಲ.

ಕೈಯಲ್ಲಿ ಸಾವಿರ ರೂಪಾಯಿಯಷ್ಟೇ ಇದ್ದರೆ ಜಗಲಿಯಿಂದ ಶುರು ಮಾಡಿ. ಓದುವ ಮಕ್ಕಳಿದ್ದರೆ ಮಡಚುವ ಮೇಜೇ ಮೊದಲು. ನಮ್ಮಲ್ಲಿ ಎರಡೂ ಇವೆ, ಜಗಲಿಯ ಮೇಲೆ ಕೂತೇ ಮೇಜಿನಲ್ಲಿ ಊಟ. ಮನೆ ಓನರ್ ಆಂಟಿ ಗೋಡೆಗೆ ನಾಲ್ಕೇ ತೂತಿಗೆ ಒಪ್ಪಿದ್ದರು. ಮೂರು ಪಟ್ಟಿಗೆ, ಒಂದು ಕೊಕ್ಕೆಗೆ ಸರಿಹೋಯಿತು. ಮನೆ ಬಿಡುವಾಗ ವೈಟ್ ಸಿಮೆಂಟ್ ತುಂಬಿ ಕೊಡುತ್ತೇನೆ ಎಂದು ಹೇಳಿದ್ದೇನೆ.