4 ವರ್ಷದ ಫಿಯೋ ಡ್ಯಾಕ್: ಗುಂಯ್ ಹೋಯಿತು, ತಂಬೂರಿ ಬಂತು

ನಮ್ಮ ಮನೆ ಪುಣೆಯ ಕೋಥ್ರೂಡ್‌ನಲ್ಲಿ. ಅಪ್ಪ ಗದಗದಲ್ಲಿದ್ದಾಗ ಕೊಂಡ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಈಗಲೂ ನಡುಮನೆಯಲ್ಲಿವೆ. ಸಂಜೆಯಾದರೆ ಅವ್ವನಿಗೆ ಟಿವಿಯ ಯೂಟ್ಯೂಬಿನಲ್ಲಿ ಭೀಮಸೇನ ಜೋಶಿ ಬೇಕೇ ಬೇಕು. ಹುಟ್ಟಿದ್ದು ನಮ್ಮ ಗದಗಿನ ಕಡೆ, ಬಾಳಿದ್ದು ಪುಣೆಯಲ್ಲಿ. ನಮಗೆ ಎರಡೂ ಕಡೆಯಿಂದ ಹತ್ತಿರದವರು.

ಮೊದಲು ಟಿವಿಯ ಇಯರ್‌ಫೋನ್ ಜ್ಯಾಕ್‌ನಿಂದ ಆಂಪ್ಲಿಫೈಯರ್‌ಗೆ ವೈರ್ ಹಾಕಿದ್ದೆ. ಹಾಡಿನ ಜೊತೆ ಸದಾ ಒಂದು ಗುಂಯ್. ತಂಬೂರಿ ಇರಬೇಕಾದ ಜಾಗದಲ್ಲೇ ಆ ಸದ್ದು ಕೂತಿತ್ತು.

ಆಗ ತಂದಿದ್ದು ಫಿಯೋ ಕಂಪನಿಯ ಡಿ03ಕೆ ಎಂಬ ಡ್ಯಾಕ್. 3,000 ರೂಪಾಯಿ ಒಳಗೇ ಸಿಕ್ಕಿತು. ಅಂಗೈಯಲ್ಲಿ ಕೂರುವ ಡಬ್ಬಿ. ಡಿಜಿಟಲ್ ಹಾಡು ಅಂದರೆ ಬರೀ ಅಂಕಿಗಳ ಸಾಲು. ಅದನ್ನು ಆಂಪ್ಲಿಫೈಯರ್‌ಗೆ ತಿಳಿಯುವ ವಿದ್ಯುತ್ ಅಲೆಯಾಗಿ ಮಾಡುವುದು ಡ್ಯಾಕ್ ಕೆಲಸ. ಟಿವಿಯ ಆಪ್ಟಿಕಲ್ ಕೇಬಲ್ ಇದಕ್ಕೆ, ಇದರಿಂದ ಕೆಂಪು-ಬಿಳಿ ಪಿನ್ನಿನ ಆರ್‌ಸಿಎ ವೈರ್ ಆಂಪ್ಲಿಫೈಯರ್‌ಗೆ. ಅಷ್ಟೇ.

ಮೊದಲ ದಿನ ಸದ್ದೇ ಇಲ್ಲ. ಟಿವಿ ಸೆಟ್ಟಿಂಗಿನಲ್ಲಿ ಡಿಜಿಟಲ್ ಆಡಿಯೋ 'ಡಾಲ್ಬಿ' ಅಂತಿತ್ತು. ಡಾಲ್ಬಿ ಅಂದರೆ ಸದ್ದನ್ನು ಒತ್ತಿ ಸಣ್ಣದು ಮಾಡಿ ಕಳಿಸುವ ರೀತಿ. ಈ ಡಬ್ಬಿಗೆ ಅದನ್ನು ಬಿಡಿಸಲು ಬರುವುದಿಲ್ಲ, ಅಂಕಿಗಳನ್ನು ಹಾಗೇ ಕಳಿಸುವ 'ಪಿಸಿಎಂ' ಇಡಬೇಕು. ಇಟ್ಟೆ, ಹಾಡು ಬಂತು. ಆದರೆ ಗುಂಯ್ ಕೂಡ ಬಂತು! ತುಂಬಾ ಬೇಜಾರಾಯಿತು.

ತಪ್ಪು ನನ್ನದೇ. ಡ್ಯಾಕ್‌ಗೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದಲೇ ಕೊಟ್ಟಿದ್ದೆ. ಕೇಬಲ್ ಟಿವಿಯ ವೈರ್ ಕಟ್ಟಡದಲ್ಲಿ ಎಲ್ಲೋ ಅರ್ಥ್ ಆಗಿರುತ್ತದೆ, ಅಂದರೆ ನೆಲಕ್ಕೆ ಜೋಡಿಸಿರುತ್ತಾರೆ. ನಮ್ಮ ಮೂರು ಪಿನ್ನಿನ ಆಂಪ್ಲಿಫೈಯರ್ ಇನ್ನೊಂದು ಕಡೆ ಅರ್ಥ್ ಆಗಿರುತ್ತದೆ. ನಡುವೆ ತಾಮ್ರದ ವೈರ್ ಇದ್ದರೆ ಒಂದು ಸುತ್ತು ಪೂರ್ತಿಯಾಗಿ ಮನೆಯ 50 ಹರ್ಟ್ಜ್ ಕರೆಂಟು ಗುಂಯ್ ಆಗಿ ಸ್ಪೀಕರಿನಲ್ಲಿ ಕೇಳಿಸುತ್ತದೆ. ಆಪ್ಟಿಕಲ್‌ನಲ್ಲಿ ಹೋಗುವುದು ಬೆಳಕು, ಆ ಸುತ್ತು ಅಲ್ಲಿ ತುಂಡಾಗುತ್ತದೆ. ನಾನು ಯುಎಸ್‌ಬಿ ವೈರ್ ಹಾಕಿ ಅದನ್ನು ಮತ್ತೆ ಜೋಡಿಸಿಬಿಟ್ಟಿದ್ದೆ. ಹಳೆ ಮೊಬೈಲಿನ 5 ವೋಲ್ಟ್ ಚಾರ್ಜರ್ ಹಾಕಿದೆ. ಗುಂಯ್ ನಿಂತೇ ಹೋಯಿತು.

ಅವ್ವ ಅಡುಗೆಮನೆಯಿಂದ ಬಂದು ನಿಂತಳು. "ತಂಬೂರಿ ಈಗ ಬಿಡಿಬಿಡಿಯಾಗಿ ಕೇಳಸಾಕತ್ತೈತಿ ನೋಡು" ಅಂದಳು. ಭೀಮಣ್ಣ ಉಸಿರು ತಗೊಳ್ಳುವ ಸದ್ದೂ ಕೇಳುತ್ತಿತ್ತು.

ಡಿವಿಡಿ ಪ್ಲೇಯರನ್ನೂ ಇದರ ಕೋಯಾಕ್ಸಿಯಲ್‌ಗೆ, ಅಂದರೆ ತಾಮ್ರದ ವೈರಿನ ಡಿಜಿಟಲ್ ಕಿಂಡಿಗೆ, ಹಾಕಿ, ಪ್ಲೇಯರಿನಿಂದ ನೇರ ಆಂಪ್ಲಿಫೈಯರ್‌ಗೆ ಹೋಗುವ ಸದ್ದಿನ ಜೊತೆ ಹೋಲಿಸಿ ನೋಡಿದೆ. ಡ್ಯಾಕ್ ಸದ್ದು ಸ್ವಲ್ಪ ಜೋರು, ಜೋರಾದದ್ದು ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? ವಾಲ್ಯೂಮ್ ಸರಿಸಮ ಮಾಡಿ, ಯಾವುದು ಅಂತ ನನಗೆ ಹೇಳದೆ ಬದಲಿಸು ಅಂತ ಮಗನಿಗೆ ಹೇಳಿದೆ. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಾಗಾಗಿ ಒಳ್ಳೆ ಸಿಡಿ ಪ್ಲೇಯರ್ ಇದ್ದು, ಗುಂಯ್ ಇಲ್ಲದಿದ್ದರೆ, ಸುಮ್ನೆ ದುಡ್ಡು ಹಾಕಬೇಡಿ. ಸ್ಪೀಕರನ್ನು ಗೋಡೆಯಿಂದ ಒಂದು ಅಡಿ ಮುಂದೆ ತಂದಿದ್ದರಿಂದ ನನಗೆ ಇದಕ್ಕಿಂತ ಜಾಸ್ತಿ ಫರಕು ಸಿಕ್ಕಿದೆ.

ಕೊಳ್ಳುವ ಮುಂಚೆ ಎರಡು ವಿಷಯ ತಿಳಿದಿರಲಿ. ಇದರ ಯುಎಸ್‌ಬಿ ಕರೆಂಟಿಗೆ ಮಾತ್ರ, ಲ್ಯಾಪ್‌ಟಾಪಿನ ಹಾಡು ಅದರಲ್ಲಿ ಬರುವುದಿಲ್ಲ. ವಾಲ್ಯೂಮ್ ಗುಂಡಿಯೂ ಇಲ್ಲ. ನಮ್ಮ ಟಿವಿ ರಿಮೋಟಿನ ವಾಲ್ಯೂಮ್ ಆಪ್ಟಿಕಲ್‌ಗೆ ತಾಗುವುದಿಲ್ಲ, ಎದ್ದು ಹೋಗಿ ಆಂಪ್ಲಿಫೈಯರ್ ತಿರುಗಿಸಬೇಕು.

4 ವರ್ಷದಲ್ಲಿ ಡಬ್ಬಿ ಒಮ್ಮೆಯೂ ಕೈಕೊಟ್ಟಿಲ್ಲ. ಆಪ್ಟಿಕಲ್ ಕೇಬಲ್ ಮಾತ್ರ ಕಪಾಟು ಸರಿಸುವಾಗ ಮಡಚಿ ಹಾಳಾಯಿತು. ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಿಂದ ಬೇರೆ ತಂದೆ. ಈ ಸಲ ಕಪಾಟಿನ ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ.