ಪಿಕಪ್ ಹಿಂದೆ ಏನಿರಬೇಕು: ಕ್ರೇಟ್, ಟ್ರಂಕ್ ಅಥವಾ ಡ್ರಾಯರ್?

ಪಿಕಪ್‌ನಲ್ಲಿ ಕ್ಯಾಂಪಿಂಗ್ ಹೋಗುವವರ ವಿಡಿಯೋ ನೋಡಿ. ಎಲ್ಲರ ಗಾಡಿಯ ಹಿಂದೆಯೂ ಚಂದದ ಡ್ರಾಯರ್‌ಗಳು. ಒಂದು ಎಳೆದರೆ ಒಲೆ, ಇನ್ನೊಂದು ಎಳೆದರೆ ಪಾತ್ರೆ. ಆಸೆಯಾಗುತ್ತದೆ, ಸುಳ್ಳಲ್ಲ. ಆದರೆ ಆ ಗಾಡಿಗಳು ಸೋಮವಾರ ತೊಗರಿ ಚೀಲ ಹೇರಿಕೊಂಡು ಗಂಜ್‌ಗೆ, ಅಂದ್ರೆ ಕಾಳುಕಡಿಯ ಮಾರ್ಕೆಟ್‌ಗೆ, ಹೋಗುವುದಿಲ್ಲ. ನಮ್ಮದು ಹೋಗುತ್ತದೆ. ಕಲಬುರಗಿಯಲ್ಲಿ ಬೊಲೆರೊ ಕ್ಯಾಂಪರ್ ಇಟ್ಟುಕೊಂಡ ಬಹಳ ಮಂದಿಯ ಕಥೆ ಇದೇ ಅಲ್ವಾ? ವಾರವೆಲ್ಲ ದುಡಿಮೆ, ರಜೆ ಸಿಕ್ಕರೆ ತಿರುಗಾಟ.

ಹಾಗಾಗಿ ಮೂರನ್ನೂ ಒಂದೇ ಗಾಡಿಯಲ್ಲಿ ಹಾಕಿ ನೋಡಿದ್ದೇನೆ: ತರಕಾರಿ ಮಾರ್ಕೆಟ್‌ನ ಪ್ಲಾಸ್ಟಿಕ್ ಕ್ರೇಟ್, ತಗಡಿನ ಟ್ರಂಕ್, ಪ್ಲೈವುಡ್ ಡ್ರಾಯರ್. ಚಿಂಚೋಳಿ ಕಡೆ, ಬೀದರ್ ಕಡೆ, ನಾರಾಯಣಪುರ ಡ್ಯಾಮಿನ ಹಿನ್ನೀರಿನ ಕಡೆ. (ಚಿಂಚೋಳಿ ಕಾಡು 2011ರಿಂದ ಅಭಯಾರಣ್ಯ. ಒಳಗೆ ಸುಮ್ನೆ ಹೋಗಿ ಟೆಂಟ್ ಹೊಡೆಯುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ನಾವು ಇಳಿದುಕೊಂಡಿದ್ದು ಪರಿಚಯದವರ ಹೊಲದಲ್ಲಿ.)

ಮೊದಲು ಧೂಳಿನ ಮಾತು. ನಮ್ಮ ಕಡೆ ಜಾಗಕ್ಕಿಂತ ದೊಡ್ಡ ತಲೆನೋವು ಅದು. ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಕ್ರ ಎಬ್ಬಿಸಿದ ಧೂಳು ಅಲ್ಲಿಗೇ ಎಳೆದುಕೊಂಡು ಬಂದು ಹಿಂಬಾಗಿಲ ಸಂದಿಯಲ್ಲಿ ನುಗ್ಗುತ್ತದೆ. ಮೇಲೆ ತಾಡಪತ್ರಿ ಎಷ್ಟು ಬಿಗಿದರೂ ಅಷ್ಟೇ. ಬೀದರ್‌ನ ಕೆಂಪು ಧೂಳು ಬಟ್ಟೆಗೆ ಬಣ್ಣ ಹಿಡಿಸುತ್ತದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಜೋಳದ ಹಿಟ್ಟಿನಷ್ಟು ನುಣ್ಣಗಾಗಿ ಎಲ್ಲೆಂದರಲ್ಲಿ ಸೇರುತ್ತದೆ.

ಡ್ರಾಯರ್ ಸೋತಿದ್ದೇ ಇಲ್ಲಿ. 18 ಎಂಎಂ ಪ್ಲೈನಲ್ಲಿ ಮಾಡಿಸಿದ್ದೆ, ಅಡುಗೆಮನೆಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್ (ಡ್ರಾಯರ್ ಜಾರುವ, ಒಳಗೆ ಗುಂಡುಗಳಿರುವ ಲೋಹದ ಹಳಿ) ಜೊತೆ. ಬಡಿಗೇರ ಕಾಕಾ ಮೊದಲೇ ಹೇಳಿದ್ದರು: "ಇದು ಮನಿ ಕಪಾಟ್ ಅಲ್ರಿ ಅಣ್ಣಾರ, ಕುಣಿಯೋ ಗಾಡಿ ಅದ. ಚಿಲಕ ಹಾಕಿಸ್ರಿ." ಚಿಲಕ ಹಾಕಿಸಿದ್ದರಿಂದ ಡ್ರಾಯರ್ ತಾನಾಗಿ ತೆರೆದುಕೊಳ್ಳಲಿಲ್ಲ. ಆದರೆ ಧೂಳು ಚಾನೆಲ್‌ನ ಗುಂಡುಗಳ ನಡುವೆ ಕೂತು, ಎಳೆದಾಗ ಕರಕರ ಅನ್ನತೊಡಗಿತು. ತೂಕವೂ ಕಡಿಮೆಯಲ್ಲ. ಎಂಟಡಿ ನಾಲ್ಕಡಿಯ ಒಂದೇ ಹಾಳೆ 30 ಕಿಲೋ ದಾಟುತ್ತದೆ. ಕ್ಯಾಂಪರ್‌ನ ಹಿಂದಿನ ಬಾಡಿ ಉದ್ದ ಹೆಚ್ಚುಕಡಿಮೆ ಐದಡಿ. ಡ್ರಾಯರ್ ಕೂಡಿಸಿದ ಮೇಲೆ ಉಳಿಯುವುದೇನು? ಸೋಮವಾರ ಅದನ್ನು ಇಳಿಸಲು ಇಬ್ಬರು ಆಳು ಬೇಕು. ಒಂದು ಮಾತು ಮಾತ್ರ ಒಪ್ಪಲೇಬೇಕು: ಕತ್ತಲಲ್ಲಿ ತಲುಪಿ ಹತ್ತು ನಿಮಿಷದಲ್ಲಿ ಚಹಾ ಬೇಕೆಂದರೆ ಡ್ರಾಯರ್‌ಗೆ ಸಮನಾದದ್ದು ಇಲ್ಲ.

ಟ್ರಂಕ್ ಧೂಳಿಗೆ ಚೆನ್ನಾಗಿ ತಡೆಯುತ್ತದೆ, ಮುಚ್ಚಳದ ಅಂಚಿಗೆ ರಬ್ಬರ್ ಬೀಡಿಂಗ್ ಅಂಟಿಸಿದರೆ. ಬೀಗ ಹಾಕಬಹುದು. ಗಾಣಗಾಪುರದಲ್ಲಿ ಗಾಡಿ ನಿಲ್ಲಿಸಿ ದರ್ಶನಕ್ಕೆ ಹೋದರೂ ನಿಶ್ಚಿಂತೆ. ಆದರೆ ಮೇ ತಿಂಗಳ ಬಿಸಿಲು ನೆನಪಿರಲಿ. 42 ಡಿಗ್ರಿ ದಾಟಿದ ದಿನ ಮುಚ್ಚಳ ಮುಟ್ಟಲಾಗುವುದಿಲ್ಲ, ಒಳಗೆ ಮೇಣದಬತ್ತಿ ಬಾಗಿ ಬಿದ್ದಿರುತ್ತದೆ. ಕೆಳಗೆ ರಬ್ಬರ್ ಮ್ಯಾಟ್ ಹಾಕದಿದ್ದರೆ ಸದ್ದು ತಡೆಯಲಾಗದು. ಖಾಲಿ ಗಾಡಿಯಲ್ಲಿ ಹಿಂದಿನ ಪಟ್ಟಾ ಸ್ಪ್ರಿಂಗ್ ಹೇಗೆ ಎಗರಿಸುತ್ತದೆ ಅಂತ ಗೊತ್ತಲ್ಲ. ಇನ್ನೊಂದು ಕಿರಿಕಿರಿ: ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ಹಾಗಾಗಿ ಅದರ ಮೇಲೆ ಏನೂ ಇಡುವಂತಿಲ್ಲ. ಇಟ್ಟರೆ ಉಪ್ಪು ಬೇಕಾದಾಗಲೂ ಎಲ್ಲ ಇಳಿಸಬೇಕು.

ಕ್ರೇಟ್ ನೋಡಲು ಏನೂ ಚಂದವಿಲ್ಲ. ಟೊಮೆಟೊ ಬರುವ ಅದೇ ಕ್ರೇಟ್, ಸುಮಾರು 54 ಸೆಂ.ಮೀ. ಉದ್ದ, 36 ಸೆಂ.ಮೀ. ಅಗಲ. ಬಾಡಿಯ ಅಡ್ಡಕ್ಕೆ ಮೂರು ಕೂರುತ್ತವೆ, ಒಂದರ ಮೇಲೊಂದು ಪೇರಿಸಬಹುದು. ತಂಗುವ ಜಾಗಕ್ಕೆ ಹೋದ ಮೇಲೆ ಅಡುಗೆಯ ಕ್ರೇಟನ್ನೇ ಎತ್ತಿ ಒಲೆಯ ಪಕ್ಕ ಇಡಬಹುದು, ಬೋರಲು ಹಾಕಿದರೆ ಕೂರಲು ಪೀಠ. ಮನೆಗೆ ಬಂದ ಮೇಲೆ ಒಬ್ಬರೇ ಇಳಿಸಿ ನೀರು ಹೊಡೆದರೆ ಮುಗಿಯಿತು. ತೂತುಗಳಿಂದ ಧೂಳು ಒಳಗೆ ಬರುತ್ತದೆ ನಿಜ. ಅದಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಹಾಸಿಗೆ ಇವನ್ನು ಕ್ರೇಟ್‌ನಲ್ಲಿ ಇಡಲೇಬಾರದು. ಪಾತ್ರೆ, ಒಲೆ, ಹಗ್ಗ, ಸುತ್ತಿಗೆಗೆ ಧಾರಾಳ ಸಾಕು.

ನನ್ನ ಗಾಡಿಯಲ್ಲಿ ಈಗ ಇರುವುದು ಒಂದು ಟ್ರಂಕ್, ಉಳಿದಿದ್ದೆಲ್ಲ ಕ್ರೇಟ್. ಟ್ರಂಕ್ ಕ್ಯಾಬಿನ್ನಿನ ಬೆನ್ನಿಗೆ ಒತ್ತಿ, ಹಾಸಿಗೆ ಮತ್ತು ತಿನ್ನುವುದಕ್ಕೆ. 20 ಲೀಟರ್ ನೀರಿನ ಕ್ಯಾನ್ ಅದರ ಪಕ್ಕ ಕೆಳಗೆ. ಭಾರವೆಲ್ಲ ಹಿಂಬಾಗಿಲ ಕಡೆ ಬಿದ್ದರೆ ಗಾಡಿಯ ಹಿಂಭಾಗ ಹೆಚ್ಚು ತೂಗಾಡುತ್ತದೆ. ಕ್ರೇಟ್‌ಗಳು ಹಿಂಬಾಗಿಲ ಕಡೆ. ಮೊದಲು ಬೇಕಾಗುವ ಟೆಂಟ್ ಮತ್ತು ಟಾರ್ಚ್ ಎಲ್ಲಕ್ಕಿಂತ ಕೊನೆಗೆ ಹೇರಬೇಕು. ಎರೆಮಣ್ಣು ಮೆತ್ತಿದ ಗೂಟಗಳಿಗೆ ಬೇರೆ ಗೋಣಿಚೀಲ. 5 ಕಿಲೋ ಸಿಲಿಂಡರ್ ಮಾತ್ರ ಟ್ರಂಕ್‌ನಲ್ಲೂ ಬೇಡ, ಡ್ರಾಯರ್‌ನಲ್ಲೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ. ನೆಟ್ಟಗೆ ನಿಲ್ಲಿಸಿ, ಗಾಳಿ ಆಡುವ ಮೂಲೆಯಲ್ಲಿ ಹಗ್ಗದಿಂದ ಕಟ್ಟಿ.

ನಿಮ್ಮದು ಟೊಯೋಟಾ ಹೈಲಕ್ಸ್ ಅಥವಾ ಇಸುಜು ವಿ-ಕ್ರಾಸ್ ಪಿಕಪ್, ತಿರುಗಾಟಕ್ಕೆಂದೇ ಕೊಂಡಿದ್ದು, ಮೇಲೆ ಗಟ್ಟಿ ಮುಚ್ಚಳ ಇದೆ ಅಂದ್ರೆ ಡ್ರಾಯರ್ ಮಾಡಿಸಿ. ಆದರೆ ಚಾನೆಲ್ ಹಾಕಿಸಬೇಡಿ. ಮರದ ಪಟ್ಟಿಯ ಮೇಲೆ ಜಾರುವಂತೆ ಮಾಡಿಸಿ, ಆಗಾಗ ಮೇಣ ಉಜ್ಜಿ. ಧೂಳು ಕೂತರೆ ಬಟ್ಟೆಯಲ್ಲಿ ಒರೆಸಿದರಾಯಿತು.